ಒಂಬತ್ತು ಚುಕ್ಕಿ

ಫೋನ್ ಬಿದ್ದಿದ್ದು ಗುಬ್ಬಿ ಬಸ್ಸಿನಿಂದ ಇಳಿಯುವಾಗ. ಒಂದು ಕೈಯಲ್ಲಿ ತಿದ್ದಬೇಕಾದ ಉತ್ತರ ಪತ್ರಿಕೆಗಳ ಕಟ್ಟು, ಇನ್ನೊಂದು ಕೈಯಲ್ಲಿ ಊಟದ ಡಬ್ಬಿ ಬ್ಯಾಗು. ಫೋನನ್ನು ಎಲ್ಲಿ ಸಿಕ್ಕಿಸಿಕೊಂಡಿದ್ದೆನೋ ನನಗೇ ನೆನಪಿಲ್ಲ. ತುಮಕೂರು ಬಸ್ ಸ್ಟ್ಯಾಂಡಿನ ನೆಲಕ್ಕೆ ಬಿದ್ದ ಸದ್ದು ಕೇಳಿದ ಮೇಲೇ ಗೊತ್ತಾಗಿದ್ದು. ಎತ್ತಿ ನೋಡಿದರೆ ಗ್ಲಾಸು ಜೇಡರ ಬಲೆ. ಅರ್ಧ ಸ್ಕ್ರೀನ್ ಕಪ್ಪು, ಉಳಿದರ್ಧದಲ್ಲಿ ಉದ್ದಕ್ಕೂ ಒಂದು ಹಸಿರು ಗೆರೆ.

ಮೊದಲು ಕಣ್ಣಿಗೆ ಬಿದ್ದ ಅಂಗಡಿಗೆ ನುಗ್ಗಿದೆ. ಕೌಂಟರಿನಲ್ಲಿ ಒಬ್ಬ ಹುಡುಗ, ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು. ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಕಾಂಬೋನೇ ಹಾಕ್ಬೇಕು ಮೇಡಂ, ಬರೀ ಗ್ಲಾಸ್ ಆಗಲ್ಲ" ಅಂದ. ಕಾಂಬೋ ಅಂದರೆ ಡಿಸ್ಪ್ಲೇ, ಟಚ್ ಎರಡೂ ಸೇರಿಸಿ ಅಂಟಿಸಿರುವ ಒಂದೇ ಪೀಸು. ಸ್ಟಾಕ್ ಇರಲಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಬರಬೇಕು, ನಾಳೆ ಸಂಜೆ ಬನ್ನಿ ಅಂದ. ರೇಟು ಹೇಳಿದ. ನಾನು ಬಿಡಲಿಲ್ಲ, ಐದು ನಿಮಿಷ ಚೌಕಾಸಿ ಮಾಡಿದೆ. ಇನ್ನೂರು ರೂಪಾಯಿ ಇಳಿಸಿದ. ಏನೋ ಗೆದ್ದಂತಾಯಿತು.

ಆಮೇಲೆ ಅವನು ಒಂದು ಬಿಳಿ ಸ್ಟಿಕ್ಕರ್ ತೆಗೆದುಕೊಂಡ. ನನ್ನ ಹೆಸರು, ಇನ್ನೊಂದು ಫೋನ್ ನಂಬರ್, "ಡಿಸ್ಪ್ಲೇ" ಅಂತ ಬರೆದ. ಕೆಳಗೆ ಪೆನ್ನಿನಲ್ಲಿ ಒಂಬತ್ತು ಚುಕ್ಕಿ ಇಟ್ಟ. ಮೂರು ಸಾಲು, ಸಾಲಿಗೆ ಮೂರು. ಸ್ಟಿಕ್ಕರನ್ನು ನನ್ನ ಕಡೆ ತಿರುಗಿಸಿ, "ಪ್ಯಾಟರ್ನ್ ಹಾಕಿ ಮೇಡಂ" ಅಂದ.

ಹಾಕಿದೆ. ಬೆಳಗ್ಗೆ ಬಾಗಿಲ ಮುಂದೆ ಚುಕ್ಕಿ ರಂಗೋಲಿ ಎಳೆದಷ್ಟೇ ಸಲೀಸಾಗಿ. ಇನ್ನೂರು ರೂಪಾಯಿಗೆ ಐದು ನಿಮಿಷ ಜಗಳ ಆಡಿದವಳು, ಆ ಗೆರೆ ಎಳೆಯೋಕೆ ಐದು ಸೆಕೆಂಡ್ ಕೂಡ ಯೋಚಿಸಲಿಲ್ಲ.

ಮಾರನೇ ದಿನ ಸಂಜೆ ಫೋನ್ ಸಿಕ್ಕಿತು. ಹೊಸ ಡಿಸ್ಪ್ಲೇ ಫಳಫಳ. ದುಡ್ಡು ಕೊಟ್ಟು ಮನೆಗೆ ಬಂದೆ. ರಾತ್ರಿ ತಿಪಟೂರಿನಿಂದ ತಂಗಿ ಫೋನ್ ಮಾಡಿದಳು. ದನಿ ಸಪ್ಪೆ ಇತ್ತು.

"ಯಾಕಕ್ಕಾ, ನೋಡಿನೂ ಏನೂ ಹೇಳ್ಲಿಲ್ಲ?"

"ಏನನ್ನ?"

"ಮಧ್ಯಾಹ್ನ ಕಳಿಸಿದ್ನಲ್ಲ, ರಿಪೋರ್ಟು. ನೀಲಿ ಟಿಕ್ ಬಂದಿದೆ. ಮೂರು ಹನ್ನೆರಡಕ್ಕೆ ನೋಡಿದೀಯ."

ಮೂರು ಹನ್ನೆರಡಕ್ಕೆ ನಾನು ಒಂಬತ್ತನೇ ಕ್ಲಾಸಿನ ಬೋರ್ಡಿನ ಮುಂದೆ ನಿಂತು ಬೀಜಗಣಿತ ಮಾಡುತ್ತಿದ್ದೆ. ಫೋನ್ ಅಂಗಡಿಯಲ್ಲಿತ್ತು, ಸಿಮ್ ಸಮೇತ. ರಿಪೇರಿಗೆ ಕೊಟ್ಟಿದ್ದು ಅವಳಿಗೆ ಗೊತ್ತಿರಲಿಲ್ಲ. ಅವಳು ಮೊದಲು ನನಗೆ ತೋರಿಸಬೇಕು ಅಂತ ಕಳಿಸಿದ್ದು ಒಂದು ಸ್ಕ್ಯಾನಿಂಗ್ ರಿಪೋರ್ಟು. ಇನ್ನೂ ಅವಳ ಗಂಡನಿಗೂ ಹೇಳಿರಲಿಲ್ಲ. ಏನು ಸ್ಕ್ಯಾನಿಂಗ್, ಏನು ಬಂದಿತ್ತು ಅಂತ ಇಲ್ಲಿ ಬರೆಯಲ್ಲ. ಅದು ಅವಳದ್ದು. ಈಗ ಆರಾಮಾಗಿದ್ದಾಳೆ, ಅಷ್ಟು ಸಾಕು. ಇಷ್ಟು ಬರೆಯೋಕೂ ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.

ಅವತ್ತು ಅವಳಿಗೆ ನಿಜ ಹೇಳೋಕೆ ನನಗೆ ಧೈರ್ಯ ಬರಲಿಲ್ಲ. "ಕ್ಲಾಸಲ್ಲಿದ್ದೆ, ಕೈ ತಾಗಿ ಓಪನ್ ಆಗಿರ್ಬೇಕು" ಅಂದೆ. ನಾಲ್ಕು ದಿನ ಆದ ಮೇಲೆ ಹೇಳಿದೆ. ಅವಳು ಬೈಯಲಿಲ್ಲ. "ಹೌದಾ" ಅಂದಳು ಅಷ್ಟೆ. ಬೈದಿದ್ದರೆ ವಾಸಿ ಇತ್ತು.

ಅಂಗಡಿಗೂ ಹೋಗಿ ಕೇಳಿದೆ. ಹುಡುಗ ಗಾಬರಿಯಾಗಲಿಲ್ಲ. "ಟಚ್ ಚೆಕ್ ಮಾಡ್ಬೇಕಾದ್ರೆ ನೋಟಿಫಿಕೇಶನ್ ಒತ್ತಿರುತ್ತೆ ಮೇಡಂ, ನಾವು ಓದಲ್ಲ" ಅಂದ. ನಂಬಿದೆ. ಈಗಲೂ ಮುಕ್ಕಾಲು ಪಾಲು ನಂಬುತ್ತೇನೆ. ಹೊಸ ಡಿಸ್ಪ್ಲೇ ಹಾಕಿದ ಮೇಲೆ ಟಚ್ ಸರಿಯಿದೆಯಾ ಅಂತ ಎಲ್ಲ ಮೂಲೆಯನ್ನೂ ಒತ್ತಿ ನೋಡಲೇಬೇಕು. ಅದೇ ಹೊತ್ತಿಗೆ ಮೇಲಿಂದ ಮೆಸೇಜ್ ಇಳಿದರೆ ಬೆರಳು ಅದರ ಮೇಲೇ ಬೀಳುತ್ತದೆ. ಆಗಬಹುದಾದದ್ದೇ. ಉಳಿದ ಕಾಲು ಪಾಲು ಮಾತ್ರ ಇನ್ನೂ ಎಲ್ಲೋ ಕೂತಿದೆ. ಅದನ್ನು ಏಳಿಸೋಕೆ ನನ್ನ ಹತ್ತಿರ ಸಾಕ್ಷಿ ಇಲ್ಲ, ಮಲಗಿಸೋಕೂ ಇಲ್ಲ.

"ಬಿಡು, ಏನು ಕಳೆದುಹೋಯ್ತು ಈಗ? ಮುಚ್ಚಿಡೋಕೆ ನಮ್ಮ ಹತ್ರ ಏನಿದೆ?" ಅಂದರು ನಮ್ಮನೆಯವರು.

ಈ ಮಾತನ್ನು ನಾನೂ ಎಷ್ಟೋ ಸಲ ಆಡಿದ್ದೇನೆ. ನಾನೇನು ಮಂತ್ರಿಯೇ, ಸಿನಿಮಾ ನಟಿಯೇ, ನನ್ನ ಫೋನ್ ನೋಡಿ ಯಾರಿಗೆ ಏನಾಗಬೇಕು? ಆದರೆ ಆ ರಾತ್ರಿ ಉತ್ತರ ಪತ್ರಿಕೆ ಪಕ್ಕಕ್ಕಿಟ್ಟು ಗ್ಯಾಲರಿ ತೆರೆದುಕೊಂಡು ಕೂತೆ. ಒಂದೊಂದೇ ಕೆಳಗೆ ಎಳೆಯುತ್ತಾ ಹೋದೆ. ನನ್ನ ಫೋಟೋಗಳನ್ನು ಹುಡುಕಬೇಕಾಯಿತು. ಇದ್ದದ್ದೆಲ್ಲ ಬೇರೆಯವರದ್ದು.

ಸರ್ಕಾರಿ ಶಾಲೆಯಲ್ಲಿ ಕೆಲಸ ಮಾಡುವವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಸ್ಕಾಲರ್‌ಶಿಪ್ ಅರ್ಜಿ ಹಾಕುವ ಕಾಲ ಬಂತೆಂದರೆ ಮೇಷ್ಟ್ರುಗಳ ಫೋನು ತಾಲ್ಲೂಕು ಆಫೀಸು ಆಗಿಬಿಡುತ್ತದೆ. ಮಕ್ಕಳ ಆಧಾರ್, ಅಪ್ಪಂದು, ಅಮ್ಮಂದು. ಜಾತಿ ಸರ್ಟಿಫಿಕೇಟ್, ಆದಾಯ ಸರ್ಟಿಫಿಕೇಟ್, ಅದರ ಮೇಲಿನ ಆರ್‌ಡಿ ನಂಬರ್ ಕಾಣಿಸಲಿ ಅಂತ ಇನ್ನೊಂದು ಸಲ ಹತ್ತಿರದಿಂದ ತೆಗೆದದ್ದು. ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ನೆರಳು ಬಿದ್ದಿದೆ ಅಂತ ಮತ್ತೊಂದು. ಸ್ಕೂಲಿನ ಕಿಟಕಿಯ ಕಟ್ಟೆ ಮೇಲಿಟ್ಟು, ಗಾಳಿಗೆ ಹಾರದಂತೆ ಮೂಲೆಗೆ ಒಂದು ಸೀಮೆಸುಣ್ಣದ ತುಂಡು ಇಟ್ಟು ತೆಗೆದ ಫೋಟೋಗಳು. ಎರಡು ವರ್ಷದ ಹಿಂದೆ ಪಾಸಾಗಿ ಹೋದ ಮಕ್ಕಳದ್ದೂ ಹಾಗೇ ಇತ್ತು. ಅಪ್ಪ ಇಲ್ಲದ ಒಬ್ಬ ಹುಡುಗಿಯ ತಾಯಿ ಕಳಿಸಿದ ಮರಣ ಪ್ರಮಾಣ ಪತ್ರ ಇತ್ತು. ಅದನ್ನು ನೋಡಿ ಕೈ ನಿಂತಿತು. ಆಕೆ ಅದನ್ನು ಕಳಿಸಿದ್ದು ಮೇಡಂಗೆ. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗಲ್ಲ.

ಇನ್ನೂ ಇತ್ತು. ಅಮ್ಮನ ಶುಗರ್ ರಿಪೋರ್ಟುಗಳು. ಪಕ್ಕದ ಮನೆಯವರು ರೇಷನ್ ಕಾರ್ಡ್ ತಿದ್ದುಪಡಿಗೆ ಅಂತ ಕಳಿಸಿದ್ದು. ನಾದಿನಿಯ ಮಗು ಹುಟ್ಟಿದ ದಿನ ಆಸ್ಪತ್ರೆಯ ಮಂಚದ ಮೇಲೆ ತೆಗೆದದ್ದು. ಮೈಸೂರಿನ ಹಾಸ್ಟೆಲ್‌ನಲ್ಲಿರುವ ಮಗಳಿಗೆ ಫೀಸು ಕಟ್ಟೋಕೆ ಅಂತ ನಾನೇ ತೆಗೆದು ಕಳಿಸಿದ ನನ್ನ ಎಟಿಎಂ ಕಾರ್ಡಿನ ಫೋಟೋ, ಹಿಂದೆ ಮುಂದೆ ಎರಡೂ.

ಈ ಎಟಿಎಂ ಕಾರ್ಡಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಫೋನಿನ ಲಾಕ್ ಗೊತ್ತಾದರೂ ಯುಪಿಐ ಪಿನ್ ಗೊತ್ತಿಲ್ಲವಲ್ಲ, ದುಡ್ಡಿಗೇನೂ ಭಯ ಇಲ್ಲ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಆದರೆ ಪಿನ್ ಮರೆತಾಗ ಹೊಸದು ಹಾಕುವುದು ಹೇಗೆ ಅಂತ ನೆನಪಿಸಿಕೊಳ್ಳಿ. ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಕಾರ್ಡಿನ ಅವಧಿ ಮುಗಿಯುವ ತಿಂಗಳು ವರ್ಷ, ಆಮೇಲೆ ಮೆಸೇಜಿನಲ್ಲಿ ಬರುವ ಓಟಿಪಿ. ಕೆಲವು ಬ್ಯಾಂಕುಗಳು ಎಟಿಎಂ ಪಿನ್ ಕೂಡ ಕೇಳುತ್ತವೆ, ಅಷ್ಟು ಪುಣ್ಯ. ಕಾರ್ಡಿನ ಫೋಟೋ ಗ್ಯಾಲರಿಯಲ್ಲಿ, ಓಟಿಪಿ ಬರುವ ಸಿಮ್ ಅದೇ ಫೋನಿನಲ್ಲಿ, ಫೋನಿನ ಲಾಕ್ ಸ್ಟಿಕ್ಕರಿನ ಮೇಲೆ. ಬೀರು, ಬೀರುವಿನ ಬೀಗದ ಕೈ, ಮನೆ ಬೀಗದ ಕೈ ಮೂರನ್ನೂ ಒಂದೇ ಚೀಲಕ್ಕೆ ಹಾಕಿ ಕೊಟ್ಟು ಬಂದಿದ್ದೆ. ದುಡ್ಡು ಹೋಗಲಿಲ್ಲ, ನಿಜ. ಹೋಗದೆ ಇದ್ದದ್ದು ಆ ಹುಡುಗನ ಒಳ್ಳೆಯತನದಿಂದ, ನನ್ನ ಜಾಣತನದಿಂದ ಅಲ್ಲ.

ನಮ್ಮ ಕಡೆಯಷ್ಟೇ ಹೀಗಾ ಅಂತ ಹುಡುಕಿದೆ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆ ಮಾಡಿ 2022ರಲ್ಲಿ ಬರೆದಿದ್ದಾರೆ. ಲ್ಯಾಪ್‌ಟಾಪ್‌ಗಳಲ್ಲಿ ಬೇಕೆಂದೇ ಒಂದು ಸಣ್ಣ ತೊಂದರೆ ಮಾಡಿದರು, ಸೌಂಡ್ ಬರದ ಹಾಗೆ. ಫೋಟೋ, ಫೈಲು ಯಾವುದನ್ನೂ ಮುಟ್ಟದೆ ಸರಿಮಾಡಬಹುದಾದ ಕೆಲಸ. ಏನೇನು ತೆರೆದರು ಅಂತ ಲ್ಯಾಪ್‌ಟಾಪೇ ಬರೆದಿಟ್ಟುಕೊಳ್ಳುವ ಹಾಗೆ ಒಳಗೊಳಗೇ ಏರ್ಪಾಟು ಮಾಡಿ, 16 ಅಂಗಡಿಗಳಿಗೆ ಕೊಟ್ಟರು. ಆರು ಕಡೆ ಗಿರಾಕಿಯ ಖಾಸಗಿ ಫೈಲು ತೆರೆದು ನೋಡಿದ್ದರು. ಎರಡು ಕಡೆ ಬೇರೆ ಡ್ರೈವಿಗೆ ಕಾಪಿಯನ್ನೂ ಮಾಡಿಕೊಂಡಿದ್ದರು. ಹೆಂಗಸರು ಕೊಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಇಣುಕಿದ್ದು ಜಾಸ್ತಿ. ನೋಡಿದ ಗುರುತು ಸಿಗಬಾರದು ಅಂತ ಅಳಿಸಿದವರೂ ಇದ್ದರು. ಅದನ್ನು ಓದಿದಾಗ ನನ್ನ ಮುಕ್ಕಾಲು ಪಾಲು ನಂಬಿಕೆ ಒಂದು ಸಲ ಅಲ್ಲಾಡಿತು. ಆದರೆ ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ಮಾಡಿದರೆ 16ರಲ್ಲಿ ಹತ್ತು ಕಡೆ ಇಣುಕಿದ್ದು ಕಂಡುಬಂದಿಲ್ಲ. ಲೆಕ್ಕದ ಮೇಷ್ಟ್ರು ಎರಡೂ ಕಡೆ ನೋಡಬೇಕಲ್ಲವೇ.

ಲೆಕ್ಕದ ಮಾತು ಬಂತು, ಇನ್ನೊಂದು ಹೇಳಿಬಿಡುತ್ತೇನೆ. ಆ ಒಂಬತ್ತು ಚುಕ್ಕಿಗಳಲ್ಲಿ ಕನಿಷ್ಠ ನಾಲ್ಕನ್ನು ಸೇರಿಸಿ ಎಷ್ಟು ಪ್ಯಾಟರ್ನ್ ಮಾಡಬಹುದು ಗೊತ್ತಾ? 3,89,112. ದಾರಿಯಲ್ಲಿ ಸಿಗುವ, ಇನ್ನೂ ಮುಟ್ಟದ ಚುಕ್ಕಿಯನ್ನು ಹಾರಿಸುವಂತಿಲ್ಲ ಅನ್ನೋ ನಿಯಮ ಸೇರಿಸಿಯೇ ಇಷ್ಟು. ಹತ್ತನೇ ಕ್ಲಾಸಿನ ಮಕ್ಕಳಿಗೆ ಒಂದು ಸಲ ಬರೀ ನಾಲ್ಕು ಚುಕ್ಕಿಯ ಲೆಕ್ಕ ಕೊಟ್ಟಿದ್ದೆ, 1,624 ಬರಬೇಕು. ಮೂರು ದಿನ ತಲೆ ಕೆಡಿಸಿಕೊಂಡಿದ್ದರು. ತಪ್ಪು ಪ್ಯಾಟರ್ನ್ ಹಾಕುತ್ತಾ ಹೋದರೆ ಫೋನ್ ಸ್ವಲ್ಪ ಹೊತ್ತು ಕಾಯಿ ಅನ್ನುತ್ತದೆ, ಆಮೇಲೆ ಇನ್ನೂ ಜಾಸ್ತಿ ಹೊತ್ತು. ಹಾಗಾಗಿ ಒಂದೊಂದಾಗಿ ಹಾಕಿ ನೋಡಿ ತೆರೆಯೋದು ಆಗದ ಮಾತು.

ಒಳಗಿನ ಚಿಪ್ ಕಿತ್ತು ಬೇರೆ ಕಡೆ ಹಾಕಿ ಓದೋಣ ಅಂದರೂ ಆಗಲ್ಲ. 2019ರಲ್ಲಿ ಬಂದ ಆಂಡ್ರಾಯ್ಡ್ 10ರ ಜೊತೆ ಬಿಡುಗಡೆಯಾದ ಹೊಸ ಫೋನುಗಳಿಗೆಲ್ಲ ಒಳಗಿನ ಮಾಹಿತಿಯನ್ನು ಗೂಢಲಿಪಿಯಲ್ಲಿ ಇಡೋದು ಕಡ್ಡಾಯ. ಅದನ್ನು ಬಿಡಿಸುವ ಕೀಲಿ ನಮ್ಮ ಪ್ಯಾಟರ್ನಿಗೆ ಕಟ್ಟಿರುತ್ತದೆ. ಫೋನ್ ಆಫ್ ಮಾಡಿ ಆನ್ ಮಾಡಿದಾಗ ಬೆರಳಿಟ್ಟರೆ ತೆರೆಯಲ್ಲ, ಪ್ಯಾಟರ್ನೇ ಹಾಕು ಅನ್ನುತ್ತದಲ್ಲ, ಅದು ಇದಕ್ಕೇ. ಮೊದಲ ಸಲ ಪ್ಯಾಟರ್ನ್ ಹಾಕುವವರೆಗೂ ಒಳಗಿನ ಫೋಟೋಗಳು ಫೋನಿಗೇ ಅರ್ಥವಾಗದ ಅಕ್ಷರಗಳು. ಇಷ್ಟು ಬುದ್ಧಿವಂತರು ಸೇರಿ ಇಷ್ಟು ಗಟ್ಟಿ ಬೀಗ ಮಾಡಿಕೊಟ್ಟಿದ್ದಾರೆ. ನಾನು ಅದರ ಕೀಲಿಯನ್ನು ಸ್ಟಿಕ್ಕರಿನ ಮೇಲೆ ಬರೆದುಕೊಟ್ಟೆ.

ಎಸ್‌ಡಿ ಕಾರ್ಡಿಗೆ ಮಾತ್ರ ಈ ಭಾಗ್ಯ ಸಾಮಾನ್ಯವಾಗಿ ಇರಲ್ಲ. ಅದನ್ನು ಕಿತ್ತು ಇನ್ನೊಂದು ಫೋನಿಗೆ ಹಾಕಿದರೆ ಮುಗೀತು, ಎಲ್ಲ ಕಾಣಿಸುತ್ತದೆ.

ಏಳು ತಿಂಗಳು ಕಳೆಯಿತು. ಒಂದು ದಿನ ಫೋನ್ ಮೇಜಿನ ಮೇಲಿಟ್ಟರೆ ತೊಟ್ಟಿಲ ಹಾಗೆ ತೂಗತೊಡಗಿತು. ಹಿಂದಿನ ಪೌಚ್ ಬಿಚ್ಚಿ ನೋಡಿದೆ. ಬ್ಯಾಟರಿ ಊದಿಕೊಂಡು ಬೆನ್ನು ಉಬ್ಬಿತ್ತು. ಆ ಉಬ್ಬಿದ ಬೆನ್ನ ಮೇಲೆ ಏನೋ ಬಿಳಿ ಅಂಟಿಕೊಂಡಿತ್ತು. ಅದೇ ಸ್ಟಿಕ್ಕರು. ನನ್ನ ಹೆಸರು, ನಂಬರ್, ಡಿಸ್ಪ್ಲೇ, ಒಂಬತ್ತು ಚುಕ್ಕಿ, ಚುಕ್ಕಿಗಳ ನಡುವೆ ನನ್ನದೇ ಕೈಯ ಗೆರೆ. ಪೌಚಿನ ಒಳಗೆ ಬೆಚ್ಚಗೆ ಕೂತಿತ್ತು, ಏಳು ತಿಂಗಳು.

ಅದಕ್ಕಿಂತ ನಾಚಿಕೆಯ ವಿಷಯ ಅಂದರೆ ನಾನು ಪ್ಯಾಟರ್ನ್ ಬದಲಾಯಿಸಿಯೇ ಇರಲಿಲ್ಲ. ನೀಲಿ ಟಿಕ್ ಆದ ಮೇಲೂ. ಅಷ್ಟು ಓದಿ, ಸ್ಟಾಫ್ ರೂಮಿನಲ್ಲಿ ಅಷ್ಟು ಭಾಷಣ ಮಾಡಿದ ಮೇಲೂ. ಬೆರಳಿಗೆ ಅಭ್ಯಾಸ ಆಗಿಬಿಟ್ಟಿದೆ ಅಂತ ಸುಮ್ನೆ ಬಿಟ್ಟಿದ್ದೆ.

ಈ ಸಲ ಸರಿಯಾಗಿ ಮಾಡೋಣ ಅಂತ ಹೊರಟೆ. ಪ್ಯಾಟರ್ನ್ ತೆಗೆದು ಆರು ಅಂಕಿಯ ಪಿನ್ ಹಾಕಿದೆ. ಬ್ಯಾಕಪ್ ತೆಗೆದೆ. ಸಿಮ್ ಕಿತ್ತು ಪರ್ಸಿಗೆ ಹಾಕಿಕೊಂಡೆ. ಹಳೆಯ ಮಕ್ಕಳ ದಾಖಲೆಗಳನ್ನು ಅಳಿಸಿದೆ. ಅಳಿಸಿದ್ದು ನೇರ ಹೋಗಲ್ಲ, ಗ್ಯಾಲರಿಯ ಕಸದ ಬುಟ್ಟಿಯಲ್ಲಿ 30 ದಿನ ಕೂತಿರುತ್ತದೆ ಅಂತ ಮಗಳು ಹೇಳಿಕೊಟ್ಟಳು. ಅಲ್ಲೂ ಖಾಲಿ ಮಾಡಿದೆ. ಊದಿದ ಬ್ಯಾಟರಿ ಇಟ್ಟುಕೊಂಡು ಇಷ್ಟೆಲ್ಲ ಮಾಡುತ್ತಾ ಕೂರಬೇಡಿ, ಚಾರ್ಜಿಗಂತೂ ಹಾಕಲೇಬೇಡಿ. ನಾನು ಮಾಡಿದ್ದು ತಪ್ಪು, ಈಗ ಗೊತ್ತಾಗಿದೆ.

ಕೊನೆಗೆ ಆನ್ ಮಾಡಿದ್ದು ಮೇಂಟೆನೆನ್ಸ್ ಮೋಡ್. ನನ್ನದು ಸ್ಯಾಮ್‌ಸಂಗ್ ಫೋನು. ಈ ಸೌಲಭ್ಯ 2022ರ ಜುಲೈನಲ್ಲಿ ಮೊದಲು ಕೊರಿಯಾದಲ್ಲಿ ಬಂತು, ಅದೇ ವರ್ಷದ ಕೊನೆಯಿಂದ ಬೇರೆ ದೇಶಗಳಿಗೂ ಬರತೊಡಗಿತು. ಎಲ್ಲ ಮಾಡೆಲ್‌ಗೂ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಕೇರ್ ಒಳಗೆ ಹೋದರೆ ಸಿಗುತ್ತದೆ. ಆನ್ ಮಾಡಿದರೆ ಫೋನ್ ಒಮ್ಮೆ ಆಫ್ ಆಗಿ ಆನ್ ಆಗುತ್ತದೆ, ಅಂಗಡಿಯಿಂದ ಈಗ ತಾನೇ ತಂದ ಹಾಗೆ. ಗ್ಯಾಲರಿ ಖಾಲಿ, ಮೆಸೇಜ್ ಖಾಲಿ, ವಾಟ್ಸ್ಯಾಪ್ಪೇ ಇಲ್ಲ. ಆದರೆ ಕ್ಯಾಮೆರಾ, ಡಯಲ್, ವೈಫೈ, ಸ್ಪೀಕರ್ ಎಲ್ಲ ಕೆಲಸ ಮಾಡುತ್ತವೆ. ರಿಪೇರಿಯವರು ಏನು ಬೇಕಾದರೂ ಚೆಕ್ ಮಾಡಿಕೊಳ್ಳಬಹುದು. ಆಚೆ ಬರಬೇಕಾದರೆ ನಮ್ಮ ಬೆರಳೋ ಪಿನ್ನೋ ಬೇಕು. ಗೂಗಲ್ ಪಿಕ್ಸೆಲ್ ಫೋನುಗಳಿಗೂ 2023ರ ಡಿಸೆಂಬರಿನಲ್ಲಿ ಇಂಥದ್ದೇ ಬಂದಿದೆ, ರಿಪೇರ್ ಮೋಡ್ ಅಂತ. ಮೊದಲ ಸಲ ಆನ್ ಮಾಡಿದಾಗ ಎದೆ ಧಸಕ್ ಅಂತು, ಎಲ್ಲ ಅಳಿಸಿಹೋಯಿತೇನೋ ಅಂತ. ಹೋಗಿರಲಿಲ್ಲ.

ಅಶೋಕ ರಸ್ತೆ ಕಡೆ ಸಹೋದ್ಯೋಗಿ ಒಬ್ಬರು ಹೇಳಿದ ಬೇರೆ ಅಂಗಡಿಗೆ ಹೋದೆ. ಐವತ್ತರ ಹತ್ತಿರದ ಮನುಷ್ಯ, ಮೂಗಿನ ತುದಿಗೆ ಕನ್ನಡಕ. ಫೋನ್ ಕೈಗೆ ತೆಗೆದುಕೊಂಡರು. ನಾನು ಮೊದಲೇ ಸಿದ್ಧವಾಗಿ ನಿಂತಿದ್ದೆ, ಲಾಕ್ ಕೇಳಲಿ, ಹೇಳಲ್ಲ ಅನ್ನೋಣ ಅಂತ. ಅವರು ಕೇಳಲೇ ಇಲ್ಲ.

"ಲಾಕ್ ಬೇಡ್ವಾ ಅಣ್ಣಾ?" ಅಂತ ನಾನೇ ಕೇಳಿದೆ.

"ಬ್ಯಾಟರಿಗೆ ಲಾಕ್ ಯಾಕೆ ಮೇಡಂ?" ಅಂದರು.

ಒಂದು ಸ್ಟೂಲು ಎಳೆದು ಕೂರಿಸಿದರು. ಫೋನಿನ ಬೆನ್ನಿಗೆ ಹೀಟ್ ಗನ್ನಿನಿಂದ ದೂರದಿಂದಲೇ ಸ್ವಲ್ಪ ಬಿಸಿಗಾಳಿ ಹೊಡೆದರು. ಅಂಟು ಮೆತ್ತಗಾದ ಮೇಲೆ ತೆಳ್ಳಗಿನ ಪ್ಲಾಸ್ಟಿಕ್ ತುಂಡನ್ನು ಅಂಚಿನಲ್ಲಿ ತೂರಿಸಿ, ಹಲಸಿನ ತೊಳೆ ಬಿಡಿಸುವ ನಿಧಾನದಲ್ಲಿ ಸುತ್ತಲೂ ಬಿಡಿಸಿದರು. ಎಳ್ಳಿನಷ್ಟು ದೊಡ್ಡ ಸ್ಕ್ರೂಗಳು. ತೆಗೆದ ಹಾಗೇ ಒಂದು ಮ್ಯಾಗ್ನೆಟ್ ಮ್ಯಾಟಿನ ಮೇಲೆ, ಬಿಚ್ಚಿದ ಕ್ರಮದಲ್ಲೇ ಇಟ್ಟರು. ಬ್ಯಾಟರಿಯ ಸ್ಟ್ರಿಪ್ ಬಿಡಿಸಿದರು. ಊದಿದ ಬ್ಯಾಟರಿಯನ್ನು ಎಬ್ಬಿಸುವಾಗ ಮಾತ್ರ ಮಾತು ನಿಲ್ಲಿಸಿದರು, ತೂತಾದರೆ ಬೆಂಕಿ ಅಂತ. ಹಳೆಯದನ್ನು ತೆಗೆದು ದೂರದಲ್ಲಿದ್ದ ಮರಳಿನ ಡಬ್ಬಿಯೊಳಗೆ ಇಟ್ಟರು. ಹೊಸದು ಕೂರಿಸಿ ಪವರ್ ಬಟನ್ ಒತ್ತಿದರು. ಫೋನ್ ಎದ್ದಿತು. ಸ್ಕ್ರೀನ್ ಖಾಲಿ. ಅದನ್ನು ನೋಡಿ ನಕ್ಕರು. "ಮೇಂಟೆನೆನ್ಸ್ ಮೋಡ್ ಹಾಕ್ಕೊಂಡು ಬಂದಿರೋ ಗಿರಾಕಿ ನೀವೇ ಮೊದ್ಲು ಮೇಡಂ."

ಆಮೇಲೆ ಅವರೇ ಹೇಳಿದ ಕಥೆ. ನಾವು ಲಾಕ್ ಕೇಳೋದು ಆಸೆಗಲ್ಲ ಮೇಡಂ, ಭಯಕ್ಕೆ ಅಂದರು. ಡಿಸ್ಪ್ಲೇ ಹಾಕಿಸಿಕೊಂಡು ಹೋದವರು ಮಾರನೇ ದಿನ ಬಂದು, ಮುಂದಿನ ಕ್ಯಾಮೆರಾ ಕೆಡಿಸಿಬಿಟ್ಟಿದೀಯ, ಮೈಕ್ ಹೋಗಿದೆ, ಫೋನ್ ಮಾಡಿದರೆ ಕಿವಿ ಹತ್ತಿರ ಸ್ಕ್ರೀನ್ ಆಫ್ ಆಗಲ್ಲ ಅಂತ ಗಲಾಟೆ ಮಾಡ್ತಾರೆ. ಮೊದಲೇ ಕೆಟ್ಟಿತ್ತಾ, ನಮ್ಮಿಂದ ಕೆಟ್ಟಿತಾ ಅಂತ ಗೊತ್ತಾಗೋಕೆ ತಗೊಳ್ಳುವಾಗ ಒಂದು ಸಲ, ಕೊಡುವಾಗ ಒಂದು ಸಲ ಎಲ್ಲ ನೋಡಬೇಕು. ಗಿರಾಕಿಗಳು ಇರಲ್ಲ, ಆತುರ. ಫೋನ್ ಬಿಸಾಕಿ ಟೌನ್‌ಹಾಲ್ ಸರ್ಕಲ್ ಕಡೆ ಹೊರಟುಬಿಡ್ತಾರೆ. ಹಾಗಾಗಿ ಲಾಕ್ ಬರೆಸಿಕೊಳ್ಳೋದು. ಕೂತುಕೊಂಡರೆ ಅವರ ಕೈಯಲ್ಲೇ ಲಾಕ್ ತೆಗೆಸಿ, ಅವರ ಮುಂದೇನೇ ಚೆಕ್ ಮಾಡಿ ಕೊಡ್ತೀನಿ ಅಂದರು. ನೆಟ್‌ವರ್ಕ್ ನೋಡೋಕೆ ಗಿರಾಕಿಯ ಸಿಮ್ ಬೇಡ, ಅವರ ಹತ್ತಿರವೇ ಒಂದು ಇದೆ.

ಚಾರ್ಜಿಂಗ್ ಪಿನ್ನಿಗೂ ಲಾಕ್ ಬೇಡವಂತೆ, ಆಫ್ ಆಗಿದ್ದರೂ ಚಾರ್ಜ್ ಗುರುತು ಬರುತ್ತದೆ. ಡಿಸ್ಪ್ಲೇಯಲ್ಲೇ ಫಿಂಗರ್‌ಪ್ರಿಂಟ್ ಇರುವ ಫೋನಿಗೆ ಹೊಸ ಡಿಸ್ಪ್ಲೇ ಹಾಕಿದರೆ ಬೆರಳನ್ನು ಮತ್ತೆ ಸೇರಿಸಬೇಕಾಗಬಹುದು, ಆಗ ಲಾಕ್ ಬೇಕು, ಆದರೆ ಬೆರಳೂ ನಮ್ಮದೇ ಬೇಕಲ್ಲ, ನಾವೇ ಹೋಗಬೇಕು. ಸಾಫ್ಟ್‌ವೇರ್ ಹೊಡೆಸಿದರೆ, ಅಂದರೆ ಹೊಸದಾಗಿ ಹಾಕಿಸಿದರೆ, ಸಾಮಾನ್ಯವಾಗಿ ಎಲ್ಲ ಅಳಿಸಿ ಹೋಗುತ್ತದೆ. ಡಿಸ್ಪ್ಲೇ ಪೂರ್ತಿ ಸತ್ತು ಏನೂ ಕಾಣದಿದ್ದರೆ ಮೇಂಟೆನೆನ್ಸ್ ಮೋಡ್ ಆನ್ ಮಾಡೋಕೂ ಆಗಲ್ಲ. ಆಗ ಸಿಮ್, ಎಸ್‌ಡಿ ಕಾರ್ಡ್ ಕಿತ್ತುಕೊಂಡು, ಹೊಸ ಡಿಸ್ಪ್ಲೇ ಕೂರಿಸಿ ಕರೀರಿ, ನಾನೇ ಬಂದು ಲಾಕ್ ತೆಗೀತೀನಿ ಅಂತ ಹೇಳಿ ಬರೋದು. ಟಚ್ ಮಾತ್ರ ಹೋಗಿ ಚಿತ್ರ ಕಾಣುತ್ತಿದ್ದರೆ ಫೋನಿನ ಚಾರ್ಜಿಂಗ್ ತೂತಿಗೆ ಹಾಕುವ ಓಟಿಜಿ ಪಿನ್ನಿಗೆ ಕಂಪ್ಯೂಟರಿನ ಮೌಸ್ ಸಿಕ್ಕಿಸಿ ನಾವೇ ಬೇಕಾದ್ದು ಮಾಡಿಕೊಳ್ಳಬಹುದು. ಇದು ನನಗೆ ಹೊಸದು. ಮೌಸಿನ ಬಾಣ ಫೋನಿನ ಮೇಲೆ ಓಡಾಡುತ್ತದಂತೆ.

ಅಲ್ಲಿ ಕೂತಿದ್ದಾಗ ನನಗೆ ನೆನಪಾದದ್ದು ನಮ್ಮಜ್ಜಿ, ಮತ್ತು ಹಿಟ್ಟಿನ ಮಿಲ್ಲು. ಅಜ್ಜಿ ರಾಗಿ ಬೀಸಿಸೋಕೆ ಹೋದರೆ ಚೀಲ ಇಟ್ಟು ಬರುತ್ತಿರಲಿಲ್ಲ. ಎಷ್ಟು ಹೊತ್ತಾದರೂ ನಿಲ್ಲುತ್ತಿದ್ದಳು. ತನ್ನ ಸರದಿ ಬಂದಾಗ ಹಿಂದಿನವರ ಹಿಟ್ಟು ಪೂರ್ತಿ ಇಳಿಯಿತಾ ಅಂತ ಬಗ್ಗಿ ನೋಡಿ, ತನ್ನ ರಾಗಿ ಸುರಿಸಿ, ಬಟ್ಟೆಯ ಚೀಲವನ್ನು ತಾನೇ ತಟ್ಟಿ ಕೊನೆಯ ಹಿಟ್ಟನ್ನೂ ಇಳಿಸಿಕೊಂಡು, ಮೂಗು ರೆಪ್ಪೆಯೆಲ್ಲ ಬೆಳ್ಳಗೆ ಮಾಡಿಕೊಂಡು ಬರುತ್ತಿದ್ದಳು. ಮಿಲ್ಲಿನವರು ಕಳ್ಳರು ಅಂತ ಅವಳು ಯಾವತ್ತೂ ಅಂದಿಲ್ಲ. ಅವರ ಮನೆಯ ಮದುವೆಗೆ ಹೋಗಿ ಊಟ ಮಾಡಿ ಬಂದವಳು. ಆದರೂ ನಿಲ್ಲುತ್ತಿದ್ದಳು. ಐದು ಸೇರು ರಾಗಿಗೆ ಒಂದು ಗಂಟೆ.

ನಲವತ್ತು ನಿಮಿಷದಲ್ಲಿ ನನ್ನ ಕೆಲಸ ಮುಗಿಯಿತು. ಈ ಸಲ ಚೌಕಾಸಿ ಮಾಡಲಿಲ್ಲ.

ಕಾನೂನು ಇಲ್ಲವಾ ಅಂತ ಕೇಳಬಹುದು. ಇದೆ. ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಕೋರ್ಟಿಗೆ ಹೋದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಇನ್ನೊಬ್ಬರ ಫೋನಿನಿಂದ ಒಪ್ಪಿಗೆ ಇಲ್ಲದೆ ಮೋಸದ ಉದ್ದೇಶದಿಂದ ಮಾಹಿತಿ ಕಾಪಿ ಮಾಡಿಕೊಂಡರೆ 2000ದ ಐಟಿ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ಖಾಸಗಿ ಅಂಗಗಳ ಚಿತ್ರ ಹರಡಿದರೆ 66ಇ ಇದೆ. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ತುಮಕೂರಿನಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಯೂ ಇದೆ. ಆದರೆ ಎರಡು ನೀಲಿ ಟಿಕ್ ಹಿಡಿದುಕೊಂಡು ಠಾಣೆಗೆ ಹೋಗಿ ನಾನು ಏನಂತ ಬರೆದುಕೊಡಲಿ?

2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಬೇಕಾದರೆ ತಂದೆ ತಾಯಿಯ ಒಪ್ಪಿಗೆ ಬೇಕು ಅಂತ ಇದೆ. ಅದನ್ನು ಓದಿ ನನಗೆ ಕಿಟಕಿ ಕಟ್ಟೆ, ಸೀಮೆಸುಣ್ಣದ ತುಂಡು ನೆನಪಾಯಿತು. ಈಗ ದಾಖಲೆಗಳನ್ನು ಅಪ್‌ಲೋಡ್ ಆದ ದಿನವೇ ಅಳಿಸುತ್ತೇನೆ, ಕಸದ ಬುಟ್ಟಿಯಿಂದಲೂ. ಸಾಧ್ಯವಾದಷ್ಟೂ ಶಾಲೆಯ ಕಂಪ್ಯೂಟರಿನಲ್ಲೇ ಸ್ಕ್ಯಾನ್ ಮಾಡುತ್ತೇನೆ. ಕರೆಂಟ್ ಇಲ್ಲದ ದಿನ ಮತ್ತೆ ಫೋನೇ ಗತಿ. ಹೆಡ್‌ಮಾಸ್ಟರು ನನ್ನನ್ನು ನೋಡಿ, "ಮೇಡಂ ಈಚೆಗೆ ಭಾರಿ ಸ್ಟ್ರಿಕ್ಟು" ಅನ್ನುತ್ತಾರೆ.

ನಮ್ಮ ಬೀದಿಗೆ ವಾರಕ್ಕೊಮ್ಮೆ ಬೈಕಿನಲ್ಲಿ ಒಬ್ಬ ಬರುತ್ತಾನೆ. ಸ್ಪೀಕರಿನಲ್ಲಿ ರೆಕಾರ್ಡ್ ಮಾಡಿದ ದನಿ: ಹಳೇ ಮೊಬೈಲು, ಕೆಟ್ಟೋಗಿರೋ ಮೊಬೈಲು, ಡಿಸ್ಪ್ಲೇ ಒಡೆದಿರೋ ಮೊಬೈಲು ಕೊಡಿ. ಬದಲಿಗೆ ಪ್ಲಾಸ್ಟಿಕ್ ಟಬ್ಬೋ ಸ್ಟೀಲ್ ಪಾತ್ರೆಯೋ ಕೊಡುತ್ತಾನೆ. ಎದುರು ಮನೆಯವರು ಎರಡು ಫೋನ್ ಕೊಟ್ಟು ಒಂದು ಟಬ್ ತೆಗೆದುಕೊಂಡರು. ರೀಸೆಟ್ ಮಾಡಿದ್ರಾ ಅಂತ ಕೇಳಿದೆ. ಆನೇ ಆಗಲ್ಲ, ಏನು ರೀಸೆಟ್ಟು ಅಂದರು. ಆನ್ ಆಗದೆ ಇರೋಕೆ ಬರೀ ಬ್ಯಾಟರಿ ಕಾರಣ ಇರಬಹುದು, ಹತ್ತು ವರ್ಷದ ಹಿಂದಿನ ಫೋನಾದರೆ ಒಳಗಿನದೆಲ್ಲ ತೆರೆದ ಪುಸ್ತಕ ಆಗಿರಬಹುದು, ಅದರ ಎಸ್‌ಡಿ ಕಾರ್ಡ್ ತೆಗೆದ್ರಾ ಅಂತ ಕೇಳುವಷ್ಟರಲ್ಲಿ ಬೈಕು ಮುಂದಿನ ಕ್ರಾಸಿಗೆ ತಿರುಗಿತ್ತು. ನಮ್ಮ ಮನೆಯ ಮೂರು ಹಳೇ ಫೋನು ಇನ್ನೂ ಬೀರುವಿನಲ್ಲೇ ಇವೆ. ಟಬ್ ಬೇಕಾಗಿತ್ತು, ನಿಜ ಹೇಳಬೇಕೆಂದರೆ.

ಆ ಸ್ಟಿಕ್ಕರನ್ನು ಉಗುರಿನಿಂದ ಕೆರೆದು ಕೆರೆದು ತೆಗೆದೆ. ಅಂಟಿನ ಗುರುತು ಹೋಗಲಿಲ್ಲ, ಚೌಕಾಕಾರದ ಮಬ್ಬು ಕಲೆ ಹಾಗೇ ಇದೆ. ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜು, ಹೋಗುತ್ತೆ ಅಂದಳು ತಂಗಿ. ತಿಪಟೂರಿನವಳಲ್ಲವೇ, ಎಲ್ಲದಕ್ಕೂ ಕೊಬ್ಬರಿಯೇ.

ಅವಳು ಈಗ ಏನೇ ಕಳಿಸಬೇಕಾದರೂ ಮೊದಲು ಒಂದು ಮೆಸೇಜ್ ಹಾಕುತ್ತಾಳೆ. "ಅಕ್ಕಾ, ಫೋನ್ ನಿನ್ನ ಕೈಲಿದೆಯಾ?" ನಾನು ಉತ್ತರ ಕೊಡುವವರೆಗೂ ಕಾಯುತ್ತಾಳೆ. ಮೊದಮೊದಲು ಅದು ಚುಚ್ಚುತ್ತಿತ್ತು. ಹೋದ ವಾರವೂ ಹಾಗೇ ಕೇಳಿದಳು. ಕ್ಲಾಸಿನಲ್ಲಿದ್ದೆ, ಅರ್ಧ ಗಂಟೆ ಆದ ಮೇಲೆ "ಕೈಲೇ ಇದೆ, ಕಳಿಸು" ಅಂತ ಹಾಕಿದೆ. ಬಂದದ್ದು ಹೊಸ ಸೀರೆಯ ಫೋಟೋ, ಕೆಳಗೆ "ರೇಟು ಭಾವನಿಗೆ ಹೇಳ್ಬೇಡ".